ಗೆರೆ ನಡುಗಿದರೆ ಕೈಯನ್ನು ಬೈಯಬೇಡಿ: ಡಿಜಿಟಲ್ ಚಿತ್ರ ಕಲಿಯುವವರಿಗೆ ದೋಷ ನಿವಾರಣೆ ಕೈಪಿಡಿ

ಹೋದ ಮಳೆಗಾಲದ ಮಾತು. ಧಾರವಾಡದಲ್ಲಿ ನಾವು ಕೆಲವರು ಶನಿವಾರ ಮಧ್ಯಾಹ್ನ ಸೇರಿ ಡಿಜಿಟಲ್ ಚಿತ್ರ ಬರೆಯುತ್ತೇವೆ. ಅಲ್ಲಿಗೆ ಗದಗಿನಿಂದ ಒಬ್ಬ ಹುಡುಗಿ ಬರುತ್ತಿದ್ದಳು. ತ್ರಿಕೂಟೇಶ್ವರನ ಆವರಣದಲ್ಲಿರುವ ಸರಸ್ವತಿ ಗುಡಿಯ ಕಂಬಗಳನ್ನು ಬರೆಯಬೇಕು ಅನ್ನೋದು ಅವಳ ಆಸೆ. ಕಾಗದದ ಮೇಲೆ ಅವಳ ಪೆನ್ಸಿಲ್ ಗೆರೆ ನೋಡಿದರೆ ಕಣ್ಣು ತಣ್ಣಗಾಗುತ್ತದೆ. ಅದೇ ಕೈ ಪೆನ್ ಟ್ಯಾಬ್ಲೆಟ್ ಮೇಲೆ, ಅಂದರೆ ಲ್ಯಾಪ್‌ಟಾಪಿಗೆ ಜೋಡಿಸಿ ಪೆನ್ನಿನಿಂದ ಬರೆಯುವ ಹಲಗೆಯ ಮೇಲೆ, ಎಳೆದ ಗೆರೆ ಮಾತ್ರ ಗರಗಸದ ಹಲ್ಲಿನ ಹಾಗೆ ಬರುತ್ತಿತ್ತು. "ಸರ, ನನ್ನ ಕೈನ ಸರಿ ಇಲ್ಲ ಅನಸ್ತೈತಿ" ಅಂದಳು. ಎರಡು ವಾರ ರಾತ್ರಿ ಕೂತು ಬರೀ ಗೆರೆ ಎಳೆಯೋದನ್ನೇ ಅಭ್ಯಾಸ ಮಾಡಿದ್ದಳಂತೆ.

ನಾನು ಅವಳ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತೆ. "ಈಗ ಎಳಿ ನೋಡೋಣ" ಅಂದೆ. ಕಂಬದ ಗೆರೆ ಮೇಲಿಂದ ಕೆಳಗೆ ದಾರ ಬಿಟ್ಟ ಹಾಗೆ ನೇರವಾಗಿ ಇಳಿಯಿತು.

ಆ ಎರಡು ವಾರ ಅವಳು ತನ್ನ ಕೈಯನ್ನು ಬೈದುಕೊಂಡಿದ್ದು ನೆನೆಸಿಕೊಂಡರೆ ಈಗಲೂ ಹೊಟ್ಟೆ ಚುರುಕ್ ಅನ್ನುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಮ್ಮ ಮಕ್ಕಳು ಹೆಚ್ಚಾಗಿ ಬಳಸೋದು ಕ್ರಿಟಾ ಅನ್ನೋ ಚಿತ್ರ ಬರೆಯುವ ಸಾಫ್ಟ್‌ವೇರ್, ಯಾಕಂದರೆ ಅದಕ್ಕೆ ದುಡ್ಡಿಲ್ಲ, ಬ್ರಷ್‌ಗಳೂ ಚೆನ್ನಾಗಿವೆ. ಕೆಲವರು ಗಿಂಪ್, ಕೆಲವರು ಫೋಟೋಶಾಪ್. ಹಾಗಾಗಿ ಉದಾಹರಣೆಗಳು ಕ್ರಿಟಾದ್ದೇ ಜಾಸ್ತಿ. ಆದರೆ ಹುಡುಕುವ ಕ್ರಮ ಎಲ್ಲದಕ್ಕೂ ಒಂದೇ.

ಮೊದಲು ದಾರಿ ನೋಡಿಕೊಳ್ಳಿ

ಮನೆಗೆ ನೀರು ಬರಲಿಲ್ಲ ಅಂದರೆ ಏನು ಮಾಡುತ್ತೇವೆ? ಇವತ್ತು ನಮ್ಮ ಏರಿಯಾಕ್ಕೆ ನೀರು ಬಿಡುವ ದಿನ ಹೌದೋ ಅಲ್ಲವೋ ಕೇಳುತ್ತೇವೆ. ಆಮೇಲೆ ವಾಲ್ವು, ಟ್ಯಾಂಕು, ಕೊನೆಗೆ ನಲ್ಲಿ. ನಲ್ಲಿ ಕಿತ್ತು ಹೊಸದು ಹಾಕೋದರಿಂದ ಯಾರೂ ಶುರು ಮಾಡಲ್ಲ ಅಲ್ವಾ? ಚಿತ್ರದ ಗೆರೆಗೂ ಇಂಥದ್ದೇ ಒಂದು ದಾರಿ ಇದೆ. ಕೈ, ಪೆನ್ನು, ಟ್ಯಾಬ್ಲೆಟ್, ಕೇಬಲ್, ಡ್ರೈವರ್ (ಟ್ಯಾಬ್ಲೆಟ್ಟನ್ನು ಲ್ಯಾಪ್‌ಟಾಪಿಗೆ ಪರಿಚಯಿಸುವ ಪುಟ್ಟ ಸಾಫ್ಟ್‌ವೇರ್), ವಿಂಡೋಸ್, ಸಾಫ್ಟ್‌ವೇರ್, ಬ್ರಷ್, ಲೇಯರ್ (ಒಂದರ ಮೇಲೊಂದು ಇಟ್ಟ ಪಾರದರ್ಶಕ ಹಾಳೆಯಂಥ ಪದರ), ಫೈಲ್, ಕೊನೆಗೆ ಪ್ರಿಂಟ್. ದೋಷ ಇದರಲ್ಲಿ ಎಲ್ಲೋ ಒಂದು ಕಡೆ ಕೂತಿರುತ್ತದೆ. ಮಧ್ಯದಲ್ಲಿ ಒಂದು ಕಡೆ ಪರೀಕ್ಷೆ ಮಾಡಿದರೆ ಅರ್ಧ ದಾರಿ ಒಂದೇ ಸಲಕ್ಕೆ ಕಳೆಯುತ್ತದೆ.

ಕ್ರಿಟಾದಲ್ಲಿ ಆ ಮಧ್ಯದ ಜಾಗ ಸಿದ್ಧವಾಗಿಯೇ ಇದೆ. ಸೆಟ್ಟಿಂಗ್ಸ್ ಮೆನುವಿನಲ್ಲಿ ಕಾನ್ಫಿಗರ್ ಕ್ರಿಟಾ, ಅದರೊಳಗೆ ಟ್ಯಾಬ್ಲೆಟ್ ಸೆಟ್ಟಿಂಗ್ಸ್, ಅಲ್ಲಿ ಟ್ಯಾಬ್ಲೆಟ್ ಟೆಸ್ಟರ್. ಅದನ್ನು ತೆರೆದು ಗೀಚಿ. ಪೆನ್ ಕಳಿಸಿದ ಒಂದೊಂದು ಸುದ್ದಿಯೂ ಪಕ್ಕದಲ್ಲಿ ಸಾಲಾಗಿ ಬೀಳುತ್ತದೆ, ಒತ್ತಡದ ಅಂಕಿ ಸಮೇತ. ಮೆಲ್ಲಗೆ ಒತ್ತಿದಾಗ ಅಂಕಿ ಕಡಿಮೆ, ಜೋರಾಗಿ ಒತ್ತಿದಾಗ ಜಾಸ್ತಿ ಬಂದು, ಗೆರೆಯೂ ನಡುಗದಿದ್ದರೆ ಪೆನ್ನಿನಿಂದ ಸಾಫ್ಟ್‌ವೇರ್‌ವರೆಗೆ ಎಲ್ಲ ಸರಿ ಇದೆ. ಇನ್ನು ಬ್ರಷ್ಷು, ಲೇಯರ್ ಕಡೆ ಹುಡುಕಿ. ಅಂಕಿ ಬರದಿದ್ದರೆ ಅಥವಾ ಅಲ್ಲಾಡದಿದ್ದರೆ ಬ್ರಷ್ ಮುಟ್ಟಲೇ ಬೇಡಿ. ದೋಷ ಹಿಂದೆ ಇದೆ.

ಇನ್ನೊಂದು ಮಾತು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಡ್ರೈವರ್ ಬದಲಿಸಿ, ಕೇಬಲ್ ಬದಲಿಸಿ, ಬ್ರಷ್ಷೂ ಬದಲಿಸಿದ ಮೇಲೆ ಸರಿಹೋದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗಲ್ಲ. ಮುಂದಿನ ವಾರ ಅದೇ ತೊಂದರೆ ಬಂದರೆ ಮತ್ತೆ ಮೊದಲಿನಿಂದ ಶುರು.

ನಡುಗುವ ಗೆರೆ

ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮಕ್ಕಳ ಮನಸ್ಸು ಮುರಿಯುವ ದೋಷ ಇದು.

ನಾವು ಬಳಸುವ ಬಹುಪಾಲು ಟ್ಯಾಬ್ಲೆಟ್‌ಗಳ ಪೆನ್ನಿಗೆ ಬ್ಯಾಟರಿ ಇರುವುದಿಲ್ಲ. ಟ್ಯಾಬ್ಲೆಟ್ಟಿನ ಒಳಗೆ ಹರಡಿದ ತಂತಿಗಳು ವಿದ್ಯುತ್ಕಾಂತೀಯ ಅಲೆ ಕಳಿಸುತ್ತವೆ, ಪೆನ್ನಿನೊಳಗಿನ ಸುರುಳಿ ಅದಕ್ಕೆ ಉತ್ತರ ಕೊಡುತ್ತದೆ. ಆ ಉತ್ತರ ಬಹಳ ಸೂಕ್ಷ್ಮ. ಹತ್ತಿರದಲ್ಲಿ ಬೇರೆ ಗದ್ದಲ ಇದ್ದರೆ ಪೆನ್ ಇರುವ ಜಾಗದ ಲೆಕ್ಕ ತಪ್ಪುತ್ತದೆ. ಕಡಿಮೆ ಬೆಲೆಯ ಚಾರ್ಜರ್‌ಗಳಿಂದ, ಅರ್ತಿಂಗ್ ಇಲ್ಲದ ಸಾಕೆಟ್‌ನಿಂದ ಆ ಗದ್ದಲ ಲ್ಯಾಪ್‌ಟಾಪಿಗೆ ಬಂದು, ಯುಎಸ್‌ಬಿ ಕೇಬಲ್ ಹಿಡಿದು ಟ್ಯಾಬ್ಲೆಟ್‌ಗೆ ಇಳಿಯುತ್ತದೆ. ಹಳೆ ಮನೆಗಳಲ್ಲಿ, ಬಾಡಿಗೆ ರೂಮುಗಳಲ್ಲಿ ಮೂರು ತೂತಿನ ಸಾಕೆಟ್ ಇದ್ದರೂ ಹಿಂದೆ ಅರ್ತಿಂಗ್ ತಂತಿ ಜೋಡಿಸಿರೋದೇ ಇಲ್ಲ. ಇಲ್ಲವಾದರೆ ಮೂರು ಪಿನ್ನಿನ ಚಾರ್ಜರನ್ನು ಎರಡು ಪಿನ್ನಿನ ಅಡಾಪ್ಟರ್‌ಗೆ ಸಿಕ್ಕಿಸಿರುತ್ತೇವೆ. ಚಾರ್ಜಿಗೆ ಹಾಕಿದಾಗ ಲ್ಯಾಪ್‌ಟಾಪಿನ ಲೋಹದ ಅಂಚು ಮುಟ್ಟಿದರೆ ಬೆರಳು ಜುಮ್ ಅಂದಿದ್ದು ನೆನಪಿದೆಯಾ? ಅಲ್ಲಿ ಅರ್ತಿಂಗ್ ಸರಿ ಇಲ್ಲ ಅಂತ ಅನುಮಾನ ಪಡಬೇಕು.

ಪರೀಕ್ಷೆ ಹೀಗೆ ಮಾಡಿ. ಟ್ಯಾಬ್ಲೆಟ್ ಮೇಲೆ ಒಂದು ಪ್ಲಾಸ್ಟಿಕ್ ಸ್ಕೇಲ್ ಓರೆಯಾಗಿ ಇಡಿ. ಲೋಹದ್ದು ಬೇಡ, ಅದೇ ಇನ್ನೊಂದು ಅಡ್ಡಿಯಾಗಬಹುದು. ಸ್ಕೇಲಿಗೆ ಒರಗಿಸಿ ನಿಧಾನವಾಗಿ ಒಂದು ಗೆರೆ ಎಳೆಯಿರಿ. ನಿಧಾನ ಅನ್ನೋದು ಮುಖ್ಯ, ಬೇಗ ಎಳೆದರೆ ನಡುಕ ಅಡಗಿಹೋಗುತ್ತದೆ. ಆಮೇಲೆ ಚಾರ್ಜರ್ ಕಿತ್ತು ಅದೇ ಗೆರೆಯ ಪಕ್ಕದಲ್ಲಿ ಇನ್ನೊಂದು ಎಳೆಯಿರಿ. ಮೊದಲನೆಯದು ನಡುಗಿ ಎರಡನೆಯದು ನೇರ ಇದ್ದರೆ ಕರೆಂಟಿನ ದೋಷ. ಎರಡೂ ನಡುಗಿದರೆ ಫೋನನ್ನು ದೂರ ಇಡಿ, ಟ್ಯಾಬ್ಲೆಟ್ಟನ್ನು ಲ್ಯಾಪ್‌ಟಾಪಿನಿಂದ ಒಂದು ಗೇಣು ಸರಿಸಿ, ಮತ್ತೆ ಎಳೆಯಿರಿ. ಆಗಲೂ ಓರೆ ಗೆರೆ ಅಲೆಅಲೆಯಾಗಿ ಬಂದರೆ ಅದು ಆ ಟ್ಯಾಬ್ಲೆಟ್ಟಿನದೇ ಗುಣ. ಗೆರೆಯನ್ನು ನಯಗೊಳಿಸುವ ಸ್ಟೆಬಿಲೈಜರ್ ಹಾಕಿಕೊಂಡು ಕೆಲಸ ಸಾಗಿಸಬಹುದು. ಸ್ಕೇಲ್ ಇಟ್ಟಾಗ ನೇರ, ತೆಗೆದಾಗ ಮಾತ್ರ ಸೊಟ್ಟ ಬಂದರೆ ಆಗ ಕೈಯ ಅಭ್ಯಾಸದ ಮಾತು ಆಡೋಣ. ಅದಕ್ಕೂ ಮೊದಲು ‘1’ ಒತ್ತಿ ಪರದೆಯನ್ನು ನೂರು ಶೇಕಡಾಕ್ಕೆ ತನ್ನಿ. ದೂರದಿಂದ ಕುಗ್ಗಿಸಿ ನೋಡುವಾಗ ಸರಿಯಾದ ಗೆರೆಯೂ ಮೆಟ್ಟಿಲು ಮೆಟ್ಟಿಲಾಗಿ ಕಾಣಬಹುದು.

ಕರೆಂಟಿನ ದೋಷವೇ ಅಂತ ಗೊತ್ತಾದರೆ ಸದ್ಯಕ್ಕೆ ಬ್ಯಾಟರಿ ಮೇಲೆ ಬರೆಯಿರಿ, ಚಹಾ ಕುಡಿಯುವಾಗ ಚಾರ್ಜಿಗೆ ಹಾಕಿ. ಅರ್ತಿಂಗ್ ಸರಿಮಾಡಿಸಲು ಎಲೆಕ್ಟ್ರಿಷಿಯನ್ ಕರೆಸಿ. ಸಾಕೆಟ್ ಬಿಚ್ಚಿ ನೀವೇ ತಂತಿ ಜೋಡಿಸೋಕೆ ಹೋಗಬೇಡಿ. ಆ ಗದಗಿನ ಹುಡುಗಿಯ ಮನೆಯಲ್ಲಿ ಅಡುಗೆಮನೆಯ ಸಾಕೆಟ್‌ಗೆ ಮಾತ್ರ ಅರ್ತಿಂಗ್ ಇತ್ತು. ಈಗ ಅವಳು ಊಟವಾದ ಮೇಲೆ ಅಲ್ಲೇ ಕೂತು ಬರೆಯುತ್ತಾಳೆ.

ಒತ್ತಿದರೂ ಗೆರೆ ದಪ್ಪ ಆಗುತ್ತಿಲ್ಲ

ಟ್ಯಾಬ್ಲೆಟ್ ಪೆಟ್ಟಿಗೆಯ ಮೇಲೆ 8192 ಹಂತದ ಒತ್ತಡ ಅಂತ ಬರೆದಿರುತ್ತದೆ. ಪರದೆಯ ಮೇಲೆ ನೋಡಿದರೆ ಒಂದೇ ದಪ್ಪದ ಗೆರೆ. ಟೆಸ್ಟರ್‌ನಲ್ಲಿ ಅಂಕಿ ಸರಿಯಾಗಿ ಬರುತ್ತಿದ್ದರೆ ‘ಬೇಸಿಕ್-5 ಸೈಜ್’ ಬ್ರಷ್ ತೆಗೆದುಕೊಂಡು ಎಳೆದು ನೋಡಿ. ಎಲ್ಲ ಬ್ರಷ್‌ಗಳೂ ಒತ್ತಡಕ್ಕೆ ದಪ್ಪ ಆಗಬೇಕು ಅಂತಿಲ್ಲ, ಕೆಲವು ಬೇಕೆಂದೇ ಒಂದೇ ದಪ್ಪ ಇರುತ್ತವೆ. ಟೂಲ್‌ಬಾರ್‌ನಲ್ಲಿ ಪೆನ್ ಒತ್ತಡದ ಬಟನ್ ಇದ್ದರೆ ಅದು ಆಫ್ ಆಗಿದೆಯಾ ಅಂತಲೂ ನೋಡಿ.

ಅಂಕಿಯೇ ಬಾರದಿದ್ದರೆ ವಿಂಡೋಸ್ ಜೊತೆಗಿನ ಮಾತುಕತೆ ತಪ್ಪಿದೆ. ಪೆನ್ನಿನ ಸುದ್ದಿ ಸಾಫ್ಟ್‌ವೇರ್‌ಗೆ ಹೋಗಲು ಎರಡು ದಾರಿ ಇವೆ, ವಿನ್‌ಟ್ಯಾಬ್ ಮತ್ತು ವಿಂಡೋಸ್ ಇಂಕ್. ಟ್ಯಾಬ್ಲೆಟ್ಟಿನ ಡ್ರೈವರ್ ಒಂದು ದಾರಿಯಲ್ಲಿ ಕಳಿಸಿ, ಕ್ರಿಟಾ ಇನ್ನೊಂದರಲ್ಲಿ ಕಾಯುತ್ತಾ ಕೂತರೆ ಒತ್ತಡ ಸಿಗಲ್ಲ. ಕ್ರಿಟಾದ ಟ್ಯಾಬ್ಲೆಟ್ ಸೆಟ್ಟಿಂಗ್ಸ್‌ನಲ್ಲೇ ಇವೆರಡರ ಆಯ್ಕೆ ಇದೆ. ಒಂದನ್ನು ಬದಲಿಸಿ, ಕ್ರಿಟಾ ಮುಚ್ಚಿ ಮತ್ತೆ ತೆರೆಯಿರಿ. ಮುಚ್ಚದೆ ನೋಡಿದರೆ ಬದಲಾವಣೆ ಕಾಣಲ್ಲ. ನಮ್ಮಲ್ಲಿ ಅರ್ಧ ಜನ ಇಲ್ಲೇ ಎಡವುತ್ತಾರೆ, "ಎರಡೂ ನೋಡಿದೆ, ಆಗಲಿಲ್ಲ" ಅನ್ನುತ್ತಾರೆ.

ಆಗಲೂ ಆಗಲಿಲ್ಲವಾ? ಈ ಹಿಂದೆ ಬೇರೆ ಕಂಪನಿಯ ಟ್ಯಾಬ್ಲೆಟ್ ಬಳಸಿದ್ದರೆ ಅದರ ಡ್ರೈವರ್ ಒಳಗೆ ಉಳಿದಿರಬಹುದು. ಎರಡು ಡ್ರೈವರ್ ಒಂದೇ ಮನೆಯಲ್ಲಿ ಹೊಂದಿಕೊಳ್ಳಲ್ಲ. ಎರಡನ್ನೂ ತೆಗೆದು, ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡಿ, ಈಗಿನ ಟ್ಯಾಬ್ಲೆಟ್ಟಿನದನ್ನು ಮಾತ್ರ ಹಾಕಿ. ಕೇಬಲ್ಲಿನ ಮೇಲೂ ಒಂದು ಕಣ್ಣಿರಲಿ. ಕೆಲವು ಕೇಬಲ್‌ಗಳು ಬರೀ ಚಾರ್ಜ್ ಮಾಡುತ್ತವೆ, ಡೇಟಾ ಸಾಗಿಸಲ್ಲ. ಟ್ಯಾಬ್ಲೆಟ್ಟಿನ ದೀಪ ಹತ್ತುತ್ತದೆ, ಪೆನ್ ಮಾತ್ರ ಸತ್ತಂತೆ ಇರುತ್ತದೆ.

ಪೆನ್ ತಾಗಿಸದೇ ಗೆರೆ ಮೂಡುತ್ತಿದ್ದರೆ ಅದು ಬೇರೆ ಕತೆ. ಪೆನ್ನಿನ ತುದಿಯ ನಿಬ್ ಒಳಗೆ ಸಿಕ್ಕಿಕೊಂಡಿರಬಹುದು. ಪೆಟ್ಟಿಗೆಯಲ್ಲಿ ಬಂದ ಉಂಗುರದಿಂದ ನಿಬ್ ಎಳೆದು, ಧೂಳು ಒರೆಸಿ, ಮತ್ತೆ ಹಾಕಿ. ನಿಬ್ ಸವೆದು ಓರೆಯಾಗಿ ಚೂಪಾಗಿದ್ದರೆ ಬದಲಿಸಿಬಿಡಿ, ಟ್ಯಾಬ್ಲೆಟ್ ಮೈ ಗೀರುತ್ತದೆ.

ಪೆನ್ ಊರಿದ ಕೂಡಲೇ ಚಿಕ್ಕ ಉಂಗುರ ಕಾಣಿಸಿ ಗೆರೆ ತಡವಾಗಿ ಶುರುವಾಗುತ್ತದಾ? ಒತ್ತಿ ಹಿಡಿದರೆ ರೈಟ್ ಕ್ಲಿಕ್ ಆಗುವ ವಿಂಡೋಸ್ ಸೌಲಭ್ಯ ಅದು. ಕಂಟ್ರೋಲ್ ಪ್ಯಾನೆಲ್‌ನ ಪೆನ್ ಆಂಡ್ ಟಚ್‌ನಲ್ಲಿ ಆಫ್ ಮಾಡಿ.

ವೃತ್ತ ಬರೆದರೆ ಮೊಟ್ಟೆ ಬರುತ್ತದೆ

ಹುಬ್ಬಳ್ಳಿಯಲ್ಲಿ ಒಮ್ಮೆ ಪ್ರೊಜೆಕ್ಟರ್ ಜೋಡಿಸಿ ಮಕ್ಕಳಿಗೆ ತೋರಿಸುತ್ತಿದ್ದೆವು. ರಥದ ಗಾಲಿ ಬರೆಯಲು ಹೋದ ಹುಡುಗನಿಗೆ ಗಾಲಿ ಅಡ್ಡಕ್ಕೆ ಹಿಗ್ಗಿದ ಮೊಟ್ಟೆಯಾಯಿತು, ಟ್ಯಾಬ್ಲೆಟ್ಟಿನ ಬಲ ಅರ್ಧಕ್ಕೆ ಹೋದರೆ ಕರ್ಸರ್ ಲ್ಯಾಪ್‌ಟಾಪಿನಿಂದಲೇ ಮಾಯ. ಕಾರಣ ಸರಳ. ಪ್ರೊಜೆಕ್ಟರ್ ಎರಡನೇ ಪರದೆಯಾಗಿ ಸೇರಿತ್ತು. ಟ್ಯಾಬ್ಲೆಟ್ ಎರಡೂ ಪರದೆಗೆ ಹಂಚಿಹೋಗಿತ್ತು. ಡ್ರೈವರ್‌ನಲ್ಲಿ ಒಂದೇ ಪರದೆ ಆರಿಸಿದ ಕೂಡಲೇ ಕರ್ಸರ್ ವಾಪಸ್ ಬಂತು. ಆದರೆ ಗಾಲಿ ಇನ್ನೂ ಸ್ವಲ್ಪ ಚಪ್ಪಟೆ. ಅದಕ್ಕೆ ಎರಡನೇ ಕಾರಣ ಇತ್ತು. ಅಗಲ-ಎತ್ತರದ ಅನುಪಾತ ಅವನ ಟ್ಯಾಬ್ಲೆಟ್ಟಿನದು 16:10, ಪರದೆಯದು 16:9. ಡ್ರೈವರ್‌ನಲ್ಲಿ ಅನುಪಾತ ಕಾಯ್ದುಕೊಳ್ಳುವ ಆಯ್ಕೆ ಹಾಕಿದ ಮೇಲೆ ಗಾಲಿ ದುಂಡಗಾಯಿತು. ಒಂದೇ ಲಕ್ಷಣದ ಹಿಂದೆ ಎರಡು ದೋಷ ಇರಬಹುದು. ಮೊದಲನೆಯದು ಸಿಕ್ಕಿತು ಅಂತ ಹುಡುಕೋದನ್ನು ಅಲ್ಲಿಗೇ ಬಿಡಬೇಡಿ.

ಏನೂ ಮೂಡುತ್ತಿಲ್ಲ, ಎಲ್ಲಾ ಮಾಯ ಆಯ್ತು

ಇದು ಹೊಸಬರ ದಿನನಿತ್ಯದ ಗಾಬರಿ. ಬಹಳ ಸಲ ತಿಳಿಯದೆ ಒಂದು ಕೀ ಒತ್ತಿರುತ್ತಾರೆ, ಅಷ್ಟೇ. ಕ್ರಿಟಾದಲ್ಲಿ ‘ಇ’ ಒತ್ತಿದರೆ ಬ್ರಷ್ಷೇ ಅಳಿಸುವ ರಬ್ಬರ್ ಆಗುತ್ತದೆ, ಮತ್ತೆ ಒತ್ತಿದರೆ ಸರಿ. ‘ಟ್ಯಾಬ್’ ಒತ್ತಿದರೆ ಸುತ್ತಲಿನ ಪ್ಯಾನೆಲ್‌ಗಳೆಲ್ಲ ಮರೆಯಾಗುತ್ತವೆ. ‘4’ ಅಥವಾ ‘6’ ಒತ್ತಿ ಹಾಳೆ ವಾಲಿದ್ದರೆ ‘5’ ಒತ್ತಿ. ಚಿತ್ರ ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ಆಗಿದ್ದರೆ ‘ಎಂ’.

ಇವು ಯಾವುದೂ ಅಲ್ಲದಿದ್ದರೆ, ಹಾಳೆಯ ಮೇಲೆ ಎಲ್ಲೋ ಒಂದು ಚಿಕ್ಕ ಸೆಲೆಕ್ಷನ್ ಉಳಿದಿರಬಹುದು. ಸೆಲೆಕ್ಷನ್ ಇದ್ದರೆ ಅದರೊಳಗೆ ಮಾತ್ರ ಬಣ್ಣ ಬೀಳುತ್ತದೆ. ಕಂಟ್ರೋಲ್, ಶಿಫ್ಟ್, ‘ಎ’ ಒಟ್ಟಿಗೆ ಒತ್ತಿ ಬಿಡಿಸಿ. ಆಮೇಲೆ ಲೇಯರ್ ನೋಡಿ. ಬೀಗ ಬಿದ್ದಿದೆಯಾ, ಕಣ್ಣಿನ ಗುರುತು ಆರಿದೆಯಾ, ನೀವು ಬರೆಯುತ್ತಿರುವ ಲೇಯರ್ ಬೇರೊಂದರ ಕೆಳಗೆ ಮುಚ್ಚಿಹೋಗಿದೆಯಾ.

ಕೀಗಳೇ ಕೆಲಸ ಮಾಡದಿದ್ದರೆ ಪರದೆಯ ಕೆಳಗಿನ ಮೂಲೆ ನೋಡಿ. ಕೀಬೋರ್ಡ್ ಕನ್ನಡದಲ್ಲಿದ್ದರೆ ‘ಬಿ’, ‘ಇ’ಯಂಥ ಒಂಟಿ ಅಕ್ಷರದ ಶಾರ್ಟ್‌ಕಟ್‌ಗಳು ಸಿಗಲ್ಲ. ಪೋಸ್ಟರಿಗೆ ಶೀರ್ಷಿಕೆ ಟೈಪ್ ಮಾಡಿ, ಭಾಷೆ ಬದಲಿಸದೇ ಬರೆಯೋಕೆ ಕೂತರೆ ಹೀಗಾಗುತ್ತದೆ. ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ.

ಗೆರೆ ಹಿಂದೆ ಬೀಳುತ್ತಿದೆ

"ಲ್ಯಾಪ್‌ಟಾಪ್ ಸ್ಲೋ ಆಗೇತಿ, ಹೊಸಾದು ತಗೋಬೇಕು" ಅಂತ ಮನೆಯಲ್ಲಿ ಹೇಳುವ ಮುಂಚೆ ಇಷ್ಟು ಮಾಡಿ. ತೀರಾ ಚಿಕ್ಕ ಬ್ರಷ್ ಹಿಡಿದು ಎಳೆಯಿರಿ. ಆಗಲೂ ಅಷ್ಟೇ ಹಿಂದೆ ಬಿದ್ದರೆ ಅದು ಸ್ಟೆಬಿಲೈಜರ್. ಗೆರೆ ನಯವಾಗಲಿ ಅಂತ ಬೇಕೆಂದೇ ತಡ ಮಾಡುತ್ತದೆ. ಟೂಲ್ ಆಪ್ಷನ್ಸ್‌ನಲ್ಲಿ ಬೇಸಿಕ್‌ಗೆ ತನ್ನಿ. ಚಿಕ್ಕ ಬ್ರಷ್ ಬೇಗ ಓಡಿ, ದೊಡ್ಡ ಬ್ರಷ್ ಮಾತ್ರ ತೆವಳಿದರೆ ಯಂತ್ರಕ್ಕೆ ಭಾರ ಜಾಸ್ತಿಯಾಗಿದೆ.

ಭಾರ ಎಷ್ಟು ಅಂತ ಲೆಕ್ಕ ಹಾಕಬಹುದು. ಎ4 ಹಾಳೆ 300 ಡಿಪಿಐನಲ್ಲಿ, ಅಂದರೆ ಒಂದು ಇಂಚಿಗೆ 300 ಚುಕ್ಕೆಯಂತೆ, 2480 × 3508 ಪಿಕ್ಸೆಲ್. ಒಂದು ಪಿಕ್ಸೆಲ್‌ಗೆ 4 ಬೈಟ್ ಅಂದರೆ ಪೂರ್ತಿ ತುಂಬಿದ ಒಂದು ಲೇಯರ್ ಸುಮಾರು 35 ಎಂಬಿ. 20 ಲೇಯರ್ ಆದರೆ 700 ಎಂಬಿ. ಎ3 ತೆಗೆದುಕೊಂಡು ಬಣ್ಣದ ಆಳವನ್ನು 8 ಬಿಟ್‌ನಿಂದ 16 ಬಿಟ್ ಮಾಡಿದರೆ ಒಂದೊಂದು ಲೇಯರ್ 139 ಎಂಬಿ. 4 ಜಿಬಿ ರ‍್ಯಾಮ್‌ನಲ್ಲಿ ವಿಂಡೋಸ್, ಬ್ರೌಸರ್‌ಗಳ ಜೊತೆ ಇದನ್ನೂ ಹೊರಿಸಿದರೆ ಯಂತ್ರ ಏದುಸಿರು ಬಿಡದೆ ಇನ್ನೇನು ಮಾಡೀತು? ಕಲಿಯುವ ಕೆಲಸಕ್ಕೆ 8 ಬಿಟ್ ಸಾಕು. ಮುಗಿದ ಲೇಯರ್‌ಗಳನ್ನು ಒಂದಾಗಿಸಿ, ಬ್ರೌಸರ್ ಮುಚ್ಚಿ. ದೊಡ್ಡ ಬ್ರಷ್ಷಿಗೆ ಗೆರೆಯನ್ನು ಬೇಗ ತೋರಿಸುವ ಇನ್‌ಸ್ಟಂಟ್ ಪ್ರಿವ್ಯೂ ಹಾಕಿ, ಶಿಫ್ಟ್ ಜೊತೆ ‘ಎಲ್’.

ಕಸೂತಿ ಮಸುಕಾಯಿತು

ನನಗೆ ಬಹಳ ಇಷ್ಟದ ವಿಷಯ ಇದು. ನಮ್ಮ ಕಡೆಯ ಕಸೂತಿಯನ್ನು ಎಳೆ ಎಣಿಸಿ ಹಾಕುತ್ತಾರೆ. ಗವಂತಿ, ಮುರ್ಗಿ, ನೇಗಿ, ಮೆಂಥಿ, ನಾಲ್ಕೂ ಹೊಲಿಗೆ ಎಳೆಯ ಲೆಕ್ಕದ ಮೇಲೇ ನಿಂತಿವೆ. ಹಾಗಾಗಿ ಪಿಕ್ಸೆಲ್ ಚೌಕಕ್ಕೆ ಅದು ಸಲೀಸಾಗಿ ಕೂರುತ್ತದೆ. ಹಾವೇರಿಯ ಒಬ್ಬ ಹುಡುಗ ಅಜ್ಜಿಯ ಇಳಕಲ್ ಸೀರೆಯ ಗೋಪುರದ ಚಿತ್ತಾರ ನೋಡಿಕೊಂಡು 64 × 64 ಪಿಕ್ಸೆಲ್‌ನಲ್ಲಿ ಒಂದು ಗೋಪುರ ಬರೆದ. ಸೆರಗಿನ ಒಂದೊಂದು ಹೊಲಿಗೆಯನ್ನೂ ಬೆರಳಿಟ್ಟು ಎಣಿಸಿದ್ದ. ಪೋಸ್ಟರಿಗೆ ಅಂತ ದೊಡ್ಡದು ಮಾಡಿದಾಗ ಅಂಚೆಲ್ಲ ಮಂಜು ಕವಿದ ಹಾಗಾಯಿತು.

ದೊಡ್ಡದು ಮಾಡುವಾಗ ಸಾಫ್ಟ್‌ವೇರ್ ಅಕ್ಕಪಕ್ಕದ ಬಣ್ಣ ಬೆರೆಸಿ ನಯಗೊಳಿಸುತ್ತದೆ. ಫೋಟೋಗೆ ಅದು ಒಳ್ಳೆಯದು, ಕಸೂತಿಗೆ ಅಲ್ಲ. ಸ್ಕೇಲ್ ಮಾಡುವ ಕಿಟಕಿಯಲ್ಲಿ ಕ್ರಿಟಾದಲ್ಲಿ ‘ಬಾಕ್ಸ್’, ಗಿಂಪ್‌ನಲ್ಲಿ ‘ನನ್’ (None), ಫೋಟೋಶಾಪ್‌ನಲ್ಲಿ ‘ನಿಯರೆಸ್ಟ್ ನೇಬರ್’ ಆರಿಸಿ. ಇಡೀ ಸಂಖ್ಯೆಯ ಪಟ್ಟು ಮಾತ್ರ ದೊಡ್ಡದು ಮಾಡಿ. 64 ಅನ್ನು 50 ಪಟ್ಟು ಮಾಡಿದರೆ 3200, ಒಂದೊಂದು ಹೊಲಿಗೆಯೂ ಸಮ. 3000 ಅಂತ ಮಾಡಿದರೆ ಕೆಲವು ಹೊಲಿಗೆ 46, ಕೆಲವು 47 ಪಿಕ್ಸೆಲ್ ಆಗಿ ಸಾಲು ಹದ ತಪ್ಪುತ್ತದೆ. ಸೇವ್ ಮಾಡುವಾಗ ಪಿಎನ್‌ಜಿ. ಜೆಪೆಗ್ ಆದರೆ ಅಂಚಿನ ಸುತ್ತ ಕೊಳೆ ಹತ್ತಿದ ಹಾಗೆ ಕಾಣುತ್ತದೆ.

ಮಸುಕಿಗೆ ಇನ್ನೊಂದು ಕಾರಣ ವಾಟ್ಸಾಪ್. ಪ್ರಿಂಟ್ ಅಂಗಡಿಗೆ ಫೋಟೋ ಅಂತ ಕಳಿಸಿದರೆ ಸಾಮಾನ್ಯವಾಗಿ ಉದ್ದದ ಬದಿ 1600 ಪಿಕ್ಸೆಲ್ ಆಸುಪಾಸಿಗೆ ಇಳಿಯುತ್ತದೆ. ನಿಮ್ಮ 3508 ಪಿಕ್ಸೆಲ್ಲಿನ ಎ4 ಅಲ್ಲಿ ತಲುಪುವಾಗ 137 ಡಿಪಿಐ. ಡಾಕ್ಯುಮೆಂಟ್ ಅಂತ ಕಳಿಸಿ, ಇಲ್ಲವಾದರೆ ಪೆನ್‌ಡ್ರೈವ್ ಒಯ್ಯಿರಿ.

ಪರದೆಯ ಮೇಲೆ ಮಿಂಚುವ ನೀಲಿ ಕಾಗದದ ಮೇಲೆ ನೇರಳೆಯ ಕಡೆ ವಾಲಿದರೆ ಅಂಗಡಿಯವರ ಜೊತೆ ಜಗಳ ಬೇಡ. ಪರದೆ ಬೆಳಕಿನಿಂದ ಬಣ್ಣ ಕಟ್ಟುತ್ತದೆ, ಪ್ರಿಂಟರ್ ಮಸಿಯಿಂದ. ಕೆಲವು ನೀಲಿ, ಹಸಿರುಗಳು ಮಸಿಗೆ ಎಟುಕಲ್ಲ. ಕ್ರಿಟಾ, ಫೋಟೋಶಾಪ್ ಎರಡರಲ್ಲೂ ಕಂಟ್ರೋಲ್ ಜೊತೆ ‘ವೈ’ ಒತ್ತಿದರೆ ಕಾಗದದ ಮೇಲೆ ಹೇಗೆ ಕಾಣಬಹುದು ಅಂತ ಮುಂಚೆಯೇ ತೋರಿಸುತ್ತದೆ. ಶಿಫ್ಟ್ ಕೂಡ ಸೇರಿಸಿದರೆ ಎಟುಕದ ಬಣ್ಣಗಳಿಗೆ ಗುರುತು ಹಾಕುತ್ತದೆ. ಬಣ್ಣ ತುಂಬುವ ಮೊದಲೇ ಒಮ್ಮೆ ಒತ್ತಿ ನೋಡಿ.

ಕನ್ನಡ ಅಕ್ಷರ ಒಡೆದರೆ

ಒತ್ತಕ್ಷರ ಕೆಳಗೆ ಇಳಿಯದೆ ಪಕ್ಕದಲ್ಲಿ ನಿಂತರೆ ಸಾಫ್ಟ್‌ವೇರ್ ಕನ್ನಡದ ಜೋಡಣೆ ಮಾಡುತ್ತಿಲ್ಲ ಅಂತ ಅರ್ಥ. ಫೋಟೋಶಾಪ್‌ನಲ್ಲಿ ಪ್ರಿಫರೆನ್ಸಸ್, ಟೈಪ್‌ನಲ್ಲಿ ‘ವರ್ಲ್ಡ್ ರೆಡಿ ಲೇಔಟ್’ ಆಯ್ಕೆ ಇದ್ದರೆ ಅದನ್ನು ಆರಿಸಿ. ಹಳೆ ಆವೃತ್ತಿಗಳಲ್ಲಿ ಅದರ ಹೆಸರು ‘ಮಿಡಲ್ ಈಸ್ಟರ್ನ್ ಆಂಡ್ ಸೌತ್ ಏಷ್ಯನ್’. ಆಮೇಲೆ ಫೋಟೋಶಾಪ್ ಮುಚ್ಚಿ ತೆರೆದು, ಹೊಸ ಫೈಲ್‌ನಲ್ಲಿ ಟೈಪ್ ಮಾಡಿ ನೋಡಿ.

ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಬಂದರೆ ದೋಷ ಬೇರೆ. ‘ನುಡಿ’ ತಂತ್ರಾಂಶದ ಹಳೆ ಆಸ್ಕಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನು ಈಗ ಎಲ್ಲೆಡೆ ನಡೆಯುವ ಯೂನಿಕೋಡ್ ಫಾಂಟ್‌ಗೆ ಹಾಕಿದ್ದೀರಿ. ಪರಿವರ್ತಕದಿಂದ ಬದಲಿಸಿಕೊಳ್ಳಿ ಅಥವಾ ಮತ್ತೆ ಟೈಪ್ ಮಾಡಿ. ಗೂಗಲ್ ಫಾಂಟ್ಸ್‌ನಲ್ಲಿ ಒಳ್ಳೆಯ ಯೂನಿಕೋಡ್ ಕನ್ನಡ ಫಾಂಟ್‌ಗಳು ಪುಕ್ಕಟೆ ಸಿಗುತ್ತವೆ. ಅದರಲ್ಲಿ ಒಂದರ ಹೆಸರೇ ‘ಹುಬ್ಬಳ್ಳಿ’. ಮಕ್ಕಳಿಗೆ ತೋರಿಸಿದಾಗ ಎಲ್ಲರೂ ಮೊದಲು ಅದನ್ನೇ ಇಳಿಸಿಕೊಂಡರು.

ಏನು ಮಾಡಿದರೂ ಆಗದಿದ್ದರೆ

ಕಂಟ್ರೋಲ್, ಆಲ್ಟ್, ಶಿಫ್ಟ್ ಮೂರನ್ನೂ ಒತ್ತಿ ಹಿಡಿದು ಸಾಫ್ಟ್‌ವೇರ್ ತೆರೆದರೆ ಸೆಟ್ಟಿಂಗ್ಸ್ ಅಳಿಸಲಾ ಅಂತ ಕೇಳುತ್ತದೆ. ಕ್ರಿಟಾ, ಫೋಟೋಶಾಪ್ ಎರಡರಲ್ಲೂ ಹೀಗೇ. ನೀವು ಹೊಂದಿಸಿಕೊಂಡಿದ್ದೆಲ್ಲ ಹೋಗುತ್ತದೆ, ಆದ್ದರಿಂದ ಇದು ಕೊನೆಗೆ ಇರಲಿ. ಫೈಲೇ ಕೆಟ್ಟಿದ್ದರೆ ಅದೇ ಫೋಲ್ಡರ್‌ನಲ್ಲಿ ಅದೇ ಹೆಸರಿನ ಕೊನೆಗೆ ಅಲೆಯ ಚಿಹ್ನೆ (~) ಇರುವ ಇನ್ನೊಂದು ಫೈಲ್ ಇದೆಯಾ ನೋಡಿ. ಅದು ಕ್ರಿಟಾ ಇಟ್ಟ ಹಿಂದಿನ ಪ್ರತಿ. ಮೊದಲು ಅದನ್ನು ಬೇರೆ ಕಡೆ ನಕಲು ಮಾಡಿ, ನಕಲಿನ ಹೆಸರಿನ ಕೊನೆಯ ಅಲೆ ಅಳಿಸಿ ತೆರೆಯಿರಿ.

ಯಾರನ್ನಾದರೂ ಕೇಳುವಾಗ "ಪೆನ್ ವರ್ಕ್ ಆಗ್ತಿಲ್ಲ" ಅಂತಷ್ಟೇ ಕಳಿಸಬೇಡಿ. ಯಾವ ಟ್ಯಾಬ್ಲೆಟ್, ಯಾವ ಆವೃತ್ತಿ, ಯಾವತ್ತಿನಿಂದ ಹೀಗೆ, ಅದರ ಹಿಂದಿನ ದಿನ ಏನು ಹೊಸದಾಗಿ ಹಾಕಿದಿರಿ, ಇಷ್ಟು ಬರೆಯಿರಿ. ಜೊತೆಗೆ ಟ್ಯಾಬ್ಲೆಟ್ ಟೆಸ್ಟರ್ ತೆರೆದಿಟ್ಟು ಎರಡು ಗೆರೆ ಎಳೆಯುವ ಚಿಕ್ಕ ವಿಡಿಯೋ ಕಳಿಸಿ, ಒಂದು ಚಾರ್ಜರ್ ಹಾಕಿದಾಗ, ಒಂದು ಕಿತ್ತಾಗ.